ಅಮೆರಿಕದ ವಿದ್ಯಾಸಾಲ: ಮನ್ನಾ ಯಾರಿಗೆ, ಎಷ್ಟು?



ಅಮೆರಿಕದಲ್ಲಿ ವಿದ್ಯಾರ್ಥಿಗಳ ಸಾಲವನ್ನು ಮನ್ನಾ ಮಾಡಬೇಕೇ ಬೇಡವೇ ಎಂಬ ವಾದ ಹಲವು ವರ್ಷಗಳಿಂದ ನಡೆದಿದೆ. ಮಕ್ಕಳನ್ನು ಅಲ್ಲಿಗೆ ಓದಲು ಕಳುಹಿಸಿದ ಕೆಲವು ಸದಸ್ಯರು ಸಂಘದ ಕಛೇರಿಗೆ ಬಂದಾಗ ಈ ವಿಚಾರ ಎತ್ತುತ್ತಾರೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಮನ್ನಾದ ಮಾತು ನಡೆದಿರುವುದು ಆ ದೇಶದ ಸರ್ಕಾರ ತನ್ನ ಜನರಿಗೆ ಕೊಟ್ಟ ಸಾಲದ ಬಗ್ಗೆ. ವಿದ್ಯಾರ್ಥಿ ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಆ ಸಾಲವೂ ಸಿಗುವುದಿಲ್ಲ, ಆ ಮನ್ನಾವೂ ಸಿಗುವುದಿಲ್ಲ. ಆದರೂ ಈ ವಾದವನ್ನು ನಾವು ಗಮನವಿಟ್ಟು ನೋಡುವುದು ಒಳ್ಳೆಯದು. ಏಕೆಂದರೆ ‘ಮನ್ನಾ’ ಎಂಬ ಪದದ ಸಿಹಿ ಕಹಿ ಎರಡನ್ನೂ ಉಂಡವರು ನಾವು.

ವಿಷಯದ ಹಿನ್ನೆಲೆ ಹೀಗಿದೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಬಡವರ ಮಕ್ಕಳಿಗೂ ಕಾಲೇಜಿನ ಬಾಗಿಲು ತೆರೆಯಬೇಕೆಂಬುದು ಉದ್ದೇಶ. ಬ್ಯಾಂಕುಗಳು ಸಾಲ ಕೊಟ್ಟರೆ ಸರ್ಕಾರ ಜಾಮೀನು ನಿಲ್ಲುತ್ತಿತ್ತು. 2010ರಿಂದ ಈಚೆಗೆ ಹೊಸ ಸಾಲವನ್ನೆಲ್ಲ ಸರ್ಕಾರವೇ ನೇರವಾಗಿ ಕೊಡುತ್ತಿದೆ. ಉದ್ದೇಶ ಒಳ್ಳೆಯದೇ. ಆದರೆ ಕಾಲೇಜುಗಳ ಶುಲ್ಕ ಏರುತ್ತಾ ಹೋಯಿತು, ಸಾಲವೂ ಅದರ ಬೆನ್ನು ಹತ್ತಿತು. ಈಗ ಸುಮಾರು 4.3 ಕೋಟಿ ಜನರ ತಲೆಯ ಮೇಲೆ 1.6 ಲಕ್ಷ ಕೋಟಿ ಡಾಲರಿಗೂ ಹೆಚ್ಚಿನ ಸರ್ಕಾರಿ ವಿದ್ಯಾಸಾಲ ಕುಳಿತಿದೆ.

ಆಗ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರು 2022ರ ಆಗಸ್ಟಿನಲ್ಲಿ ಒಂದು ಮನ್ನಾ ಪ್ರಕಟಿಸಿದರು. ವರ್ಷಕ್ಕೆ 1.25 ಲಕ್ಷ ಡಾಲರಿಗಿಂತ ಕಡಿಮೆ ಆದಾಯವಿದ್ದವರಿಗೆ ತಲಾ 10,000 ಡಾಲರ್, ಓದುವಾಗ ಬಡ ವಿದ್ಯಾರ್ಥಿಗಳ ಪೆಲ್ ಸಹಾಯಧನ ಪಡೆದಿದ್ದವರಿಗೆ 20,000 ಡಾಲರ್ ವರೆಗೆ. ಬೊಕ್ಕಸಕ್ಕೆ ತಗಲುವ ವೆಚ್ಚ ಸುಮಾರು 40,000 ಕೋಟಿ ಡಾಲರ್ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಛೇರಿ ಅಂದಾಜು ಮಾಡಿತು. ನೆಬ್ರಾಸ್ಕ ಮೊದಲಾದ ಆರು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಯೋಜನೆಯನ್ನು ತಳ್ಳಿಹಾಕಿತು. ಇಷ್ಟು ದೊಡ್ಡ ಮೊತ್ತವನ್ನು ಬಿಟ್ಟುಕೊಡುವ ಅಧಿಕಾರವನ್ನು ಸಂಸತ್ತು ಸರ್ಕಾರಕ್ಕೆ ಕೊಟ್ಟಿಲ್ಲ ಎಂಬುದು ತೀರ್ಪಿನ ಸಾರ. ಆಮೇಲೆ ಹಳೆಯ ಕಾನೂನುಗಳ ಅಡಿಯಲ್ಲಿಯೇ ಅರ್ಹರನ್ನು ಹುಡುಕುವ ಕೆಲಸ ಮುಂದುವರಿಯಿತು. 2025ರ ಜನವರಿಯಲ್ಲಿ ಆ ಸರ್ಕಾರ ಇಳಿಯುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಜನರ 18,000 ಕೋಟಿ ಡಾಲರಿಗೂ ಮಿಕ್ಕಿದ ಸಾಲ ಮನ್ನಾ ಆಗಿತ್ತು.

ಮನ್ನಾ ಕೂಡದು ಎನ್ನುವವರ ಮಾತಿನಲ್ಲಿ ತೂಕವಿದೆ. ಹೊಟ್ಟೆ ಬಟ್ಟೆ ಕಟ್ಟಿ ಸಾಲ ತೀರಿಸಿದವನಿಗೆ ಏನು ಸಿಕ್ಕಿತು ಎಂದು ಅವರು ಕೇಳುತ್ತಾರೆ. ಆ ದೇಶದ ವಯಸ್ಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಗೆ ಕಾಲೇಜು ಪದವಿಯಿಲ್ಲ. ಲಾರಿ ಓಡಿಸುವವನ, ಮರಗೆಲಸದವನ ತೆರಿಗೆಯಿಂದ ವಕೀಲನ ಸಾಲ ತೀರಿಸುವುದು ನ್ಯಾಯವೇ ಎಂಬುದು ಅವರ ಇನ್ನೊಂದು ಪ್ರಶ್ನೆ. ಶುಲ್ಕ ಇಳಿಸದೆ ಸಾಲ ಮಾತ್ರ ಬಿಟ್ಟರೆ ಮುಂದಿನ ವರ್ಷ ಸೇರುವ ಹುಡುಗ ಮತ್ತೆ ಅದೇ ಸಾಲಕ್ಕೆ ಬೀಳುತ್ತಾನೆ ಎಂಬುದೂ ನಿಜ.

ನಮಗೂ ಇದು ಹೊಸದಲ್ಲ. 1990ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿವರೆಗಿನ ರೈತರ ಸುಸ್ತಿ ಸಾಲವನ್ನು ಬಿಟ್ಟಿತು. 2008ರಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಸುಸ್ತಿ ಬಾಕಿ ಪೂರ್ತಿ ಮನ್ನಾ ಆಯಿತು. ಎರಡು ಸಲವೂ ವಾಯಿದೆಗೆ ಸರಿಯಾಗಿ ಕಟ್ಟಿದವನ ಕೈ ಬರಿದೇ ಉಳಿಯಿತು. ‘ಕಟ್ಟಿದವನೇ ಕೆಟ್ಟ’ ಎಂಬ ಮಾತು ಮಹಾಸಭೆಗಳಲ್ಲಿ ಎದ್ದದ್ದು ಆಗಲೇ. ಮುಂದಿನ ಮನ್ನಾ ಬರಲಿ ಎಂದು ಕಾದು ಕೂರುವ ಅಭ್ಯಾಸ ಒಮ್ಮೆ ಹತ್ತಿಕೊಂಡರೆ ಸಹಕಾರ ಸಂಘದ ಬುಡಕ್ಕೇ ಪೆಟ್ಟು. ಸಂಘದಲ್ಲಿರುವುದು ಸರ್ಕಾರದ ಹಣ ಮಾತ್ರವಲ್ಲ, ಪಕ್ಕದ ತೋಟದವರ ಠೇವಣಿ ಕೂಡ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಅಲ್ಲಿ ವ್ಯಾಪಾರದಲ್ಲಿ ಮುಳುಗಿದವನು ದಿವಾಳಿ ಅರ್ಜಿ ಹಾಕಿ ಸಾಲದಿಂದ ಬಿಡುಗಡೆ ಪಡೆಯಬಹುದು. ವಿದ್ಯಾಸಾಲಕ್ಕೆ ಆ ಬಾಗಿಲನ್ನು ಸ್ವಲ್ಪಸ್ವಲ್ಪವೇ ಮುಚ್ಚಿದರು. 1976ರಲ್ಲಿ ಐದು ವರ್ಷದವರೆಗೆ ಬಿಡುಗಡೆಯಿಲ್ಲ ಎಂದರು, 1990ರಲ್ಲಿ ಅದನ್ನು ಏಳು ವರ್ಷ ಮಾಡಿದರು. 1998ರಲ್ಲಿ, ವಿಪರೀತ ಕಷ್ಟವನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡದ ಹೊರತು, ಎಷ್ಟು ವರ್ಷವಾದರೂ ಇಲ್ಲ ಎಂದರು. 2005ರಲ್ಲಿ ಖಾಸಗಿ ವಿದ್ಯಾಸಾಲಗಳಿಗೂ ಇದೇ ಕಟ್ಟು ಬಿತ್ತು. ಮೋಸ ಹೋದವರೂ ಇದ್ದಾರೆ. ಕೊರಿಂಥಿಯನ್ ಎಂಬ ಲಾಭಕೋರ ಕಾಲೇಜುಗಳ ಸಂಸ್ಥೆ, ಓದಿದವರಿಗೆ ನೌಕರಿ ಸಿಗುತ್ತದೆಂದು ಸುಳ್ಳು ಲೆಕ್ಕ ತೋರಿಸಿ ಮಕ್ಕಳನ್ನು ಸೇರಿಸಿಕೊಂಡು 2015ರಲ್ಲಿ ಬಾಗಿಲು ಹಾಕಿತು. ಅಲ್ಲಿ ಓದಿದ್ದ 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲವನ್ನು 2022ರಲ್ಲಿ ಬಿಡಲಾಯಿತು. ಕಳಪೆ ಗೊಬ್ಬರ ಮಾರಿದವನು ಓಡಿಹೋದ ಮೇಲೆ ರೈತನಿಂದ ಗೊಬ್ಬರದ ಸಾಲ ವಸೂಲು ಮಾಡುವುದು ಹೇಗೆ ನ್ಯಾಯವಲ್ಲವೋ ಇದೂ ಹಾಗೆಯೇ.

ಆದರೆ ನನ್ನ ದೃಷ್ಟಿಯಲ್ಲಿ ಈ ವ್ಯಾಜ್ಯದ ಬೇರು ಇರುವುದು ಬಡ್ಡಿಯ ಕಲಮಿನಲ್ಲಿ. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬ ಹುಡುಗಿ ಶೇಕಡಾ 6ರ ಬಡ್ಡಿಯಲ್ಲಿ 30,000 ಡಾಲರ್ ಸಾಲ ಮಾಡಿದಳೆನ್ನಿ. ತಿಂಗಳ ಬಡ್ಡಿಯೇ 150 ಡಾಲರ್. ಅವಳ ಸಂಬಳ ಕಡಿಮೆ, ಆದ್ದರಿಂದ ಆದಾಯಕ್ಕೆ ತಕ್ಕ ಕಂತು ಎಂದು ತಿಂಗಳಿಗೆ 100 ಡಾಲರ್ ಗೊತ್ತುಮಾಡಿದರು. ಒಂದು ಕಂತನ್ನೂ ತಪ್ಪಿಸದೆ ಹತ್ತು ವರ್ಷ ಕಟ್ಟಿದರೆ ಅವಳು ಕೊಟ್ಟದ್ದು 12,000 ಡಾಲರ್. ಉಳಿದ ಬಾಕಿ ಎಷ್ಟು? 36,000! ಬಡ್ಡಿಗೆ ಬಡ್ಡಿ ಹಾಕದೆಯೇ ಇಷ್ಟು. ಇವಳು ಸುಸ್ತಿದಾರಳಲ್ಲ, ವಾಯಿದೆ ತಪ್ಪಿದವಳೂ ಅಲ್ಲ. ಆದರೂ ಬಾಕಿ ಕರಗಲಿಲ್ಲ, ಬೆಳೆಯಿತು. ಕಂತು ಕಟ್ಟುತ್ತಲೇ ಬಾಕಿ ಏರುವುದನ್ನು ಕಂಡವರು ಅಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಮನ್ನಾದ ಕೂಗು ಇಷ್ಟು ಜೋರಾಗಿ ಎದ್ದದ್ದು ಅದರಿಂದಲೇ.

ನಮ್ಮ ಹಿರಿಯರ ವ್ಯವಹಾರದಲ್ಲಿ ಇದಕ್ಕೊಂದು ಕಡಿವಾಣವಿತ್ತು. ಹಿಂದೂ ನ್ಯಾಯದ ದಾಮ್‌ದುಪತ್ ಎಂಬ ನಿಯಮದ ಪ್ರಕಾರ ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. ಹಳೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇದನ್ನು ನಡೆಸಿಕೊಂಡು ಬಂದವು. ಕೃಷಿ ಸಾಲದ ಕಂತು ಮತ್ತು ಬಡ್ಡಿಯ ವಾಯಿದೆಯನ್ನು ರೈತನ ಕೊಯ್ಲು ಮಾರಾಟದ ಕಾಲಕ್ಕೆ ಹೊಂದಿಸಬೇಕು ಎಂದು ನಮ್ಮ ರಿಸರ್ವ್ ಬ್ಯಾಂಕು ಸಹ ಬ್ಯಾಂಕುಗಳಿಗೆ ಸೂಚಿಸಿದೆ. ಕಾಫಿ ಗಿಡ ನೆಟ್ಟ ವರ್ಷವೇ ಯಾರೂ ಫಸಲು ಕೇಳುವುದಿಲ್ಲ. ಅಡಿಕೆಯಂತೂ ಇನ್ನೂ ತಡ. ಓದು ಸಹ ದೀರ್ಘಾವಧಿಯ ಬೆಳೆಯೇ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಎಲ್ಲರಿಗೂ ಒಂದೇ ಮೊತ್ತದ ಮನ್ನಾ ನ್ಯಾಯವೂ ಅಲ್ಲ, ಪರಿಹಾರವೂ ಅಲ್ಲ. ‘ಕೊಂಡದ್ದನ್ನು ಕೊಟ್ಟೇ ತೀರಬೇಕು’ ಎಂಬ ಹಟವೂ ಸಲ್ಲದು. ಪ್ರತಿಯೊಬ್ಬರ ಖಾತೆಯನ್ನು ತೆರೆದು ನೋಡಬೇಕು. ಮೋಸ ಹೋದವರ ಸಾಲವನ್ನು ಬಿಡಬೇಕು. ವರ್ಷಗಟ್ಟಲೆ ಕಂತು ಕಟ್ಟಿ, ಪಡೆದ ಅಸಲಿನಷ್ಟನ್ನು ಆಗಲೇ ಕೊಟ್ಟವರ ಉಳಿದ ಬಡ್ಡಿಯನ್ನು ಬಿಡಬೇಕು. ಉಳಿದವರು ಆದಾಯ ನೋಡಿ ಕಟ್ಟಲಿ, ಆದರೆ ಕಟ್ಟುವವರ ಅಸಲು ಏರದಂತೆ ಕಾಯಬೇಕು. ಹೀಗೆ ಮಾಡಿದರೆ ಪ್ರಾಮಾಣಿಕವಾಗಿ ಕಟ್ಟಿದವನಿಗೆ ಅವಮಾನವಾಗುವುದಿಲ್ಲ, ಪರಿಹಾರ ಮೊದಲು ತಲುಪುವುದೇ ಅವನಿಗೆ.

2025ರ ಜುಲೈನಲ್ಲಿ ಅಲ್ಲಿ ಆದ ಹೊಸ ಕಾನೂನು ಈ ದಾರಿಯಲ್ಲಿ ಅರ್ಧ ಹೆಜ್ಜೆ ಇಟ್ಟಿದೆ. 2026ರ ಜುಲೈ 1ರಿಂದ ಎಂದು ಗೊತ್ತುಪಡಿಸಿದ ಹೊಸ ಕ್ರಮದಲ್ಲಿ, ಕಂತನ್ನು ವಾಯಿದೆಗೆ ಕಟ್ಟಿದವರಿಗೆ ಆ ತಿಂಗಳು ಮಿಕ್ಕ ಬಡ್ಡಿ ಬಿಟ್ಟುಹೋಗುತ್ತದೆ. ಇದು ಸರಿಯಾದ ಮಾತು. ಆದರೆ ಕೊನೆಯ ಬಿಡುಗಡೆಗೆ ಮೂವತ್ತು ವರ್ಷ ಕಾಯಬೇಕು. ಇಪ್ಪತ್ತೆರಡಕ್ಕೆ ಓದು ಮುಗಿಸಿದವನಿಗೆ ಆಗ ಐವತ್ತೆರಡು. ಅಷ್ಟು ಹೊತ್ತಿಗೆ ಅವನ ಮಕ್ಕಳ ಸಾಲ ಶುರುವಾಗಿರುತ್ತದೆ.

ಕಾಫಿ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2000ದ ನಂತರದ ಎರಡು ಮೂರು ವರ್ಷ ಬೆಲೆ ಪಾತಾಳಕ್ಕೆ ಇಳಿಯಿತು. ಆಗ ಸಾಲ ಉಳಿಸಿಕೊಂಡವರು ಸೋಮಾರಿಗಳಾಗಿರಲಿಲ್ಲ. 2010ರಲ್ಲಿ ಸಣ್ಣ ಕಾಫಿ ಬೆಳೆಗಾರರಿಗೆ ಕೇಂದ್ರ ಸರ್ಕಾರ ಸಾಲ ಪರಿಹಾರ ಪ್ರಕಟಿಸಿದಾಗ ಯಾರೂ ಅದನ್ನು ಬಿಟ್ಟಿ ಎನ್ನಲಿಲ್ಲ. ಸಾಲಗಾರನ ಕೈಮೀರಿದ ಕಾರಣಕ್ಕೆ ಪರಿಹಾರ ಬೇರೆ, ಮತಕ್ಕಾಗಿ ಹಂಚುವ ಮನ್ನಾ ಬೇರೆ.

ಕೊನೆಯದಾಗಿ ಮನೆಯ ಮಾತು. ನಮ್ಮ ಬ್ಯಾಂಕುಗಳ ವಿದ್ಯಾಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಆದರೆ ಬಡ್ಡಿ ನಿಂತಿರುವುದಿಲ್ಲ, ಆ ಅವಧಿಯ ಬಡ್ಡಿ ಆಮೇಲೆ ಅಸಲಿಗೆ ಸೇರುತ್ತದೆ. ಫಸಲು ಮಾರಿದ ತಿಂಗಳಲ್ಲಿ ಆ ವರ್ಷದ ಬಡ್ಡಿಯನ್ನಾದರೂ ಕಟ್ಟಿಬಿಟ್ಟರೆ ಮಗ ಮಗಳ ಮೊದಲ ಸಂಬಳದ ಮೇಲೆ ಬೀಳುವ ಹೊರೆ ಅಷ್ಟು ಹಗುರ. ಸಹಿ ಹಾಕುವ ಮೊದಲು ಕಾಲೇಜಿನ ಹೆಸರನ್ನು ವಿಚಾರಿಸುವಷ್ಟೇ ಎಚ್ಚರದಿಂದ ಬಡ್ಡಿಯ ಕಲಮನ್ನೂ ಓದಿ. ತೋಟವನ್ನು ಅಡವಿಟ್ಟು ಓದಿಸುವವರಂತೂ ಎರಡು ಸಲ ಓದಿ. ಪದವಿಯನ್ನು ಯಾರೂ ಹರಾಜು ಹಾಕಲಾರರು, ತೋಟವನ್ನು ಹಾಕಬಲ್ಲರು.

ಭಿನ್ನಾಭಿಪ್ರಾಯವಿರುವ ಸದಸ್ಯರು ದಯವಿಟ್ಟು ಬರೆದು ತಿಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ