ನಾಲ್ಕೇ ಚಿತ್ರ, ಒಂದೇ ಗಂಟೆ, ಜೊತೆಗೆ ಬಲ್ಲವರೊಬ್ಬರು

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರುಗಳ ಶಾಲೆಗಳಿಂದ ಚಳಿಗಾಲದಲ್ಲಿ ಹೊರಡುವ ಪ್ರವಾಸದ ಬಸ್ಸಿಗೆ ನೋಡಬೇಕಾದ ಜಾಗಗಳು ಹೆಚ್ಚು, ದಿನಗಳು ಕಡಿಮೆ. ಪಟ್ಟಿಯಲ್ಲಿ ಚಿತ್ರಶಾಲೆಯೊಂದು ಸೇರಿದ್ದರೂ ಮಕ್ಕಳು ಒಂದು ಬಾಗಿಲಿಂದ ಸಾಲಾಗಿ ಹೊಕ್ಕು ಇನ್ನೊಂದರಿಂದ ಹೊರಬರುವುದೇ ಸಾಮಾನ್ಯ. ಇದು ಹಳ್ಳಿ ಮಕ್ಕಳ ಕೊರತೆಯಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬಂದವರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹೆಸರಾಂತ ಚಿತ್ರಗಳ ಮುಂದೆಯೂ ಅರ್ಧದಷ್ಟು ಜನ ನಿಂತದ್ದು 17 ಸೆಕೆಂಡಿನೊಳಗೆ. ನೋಡುವುದನ್ನು ಯಾರೂ ಹೇಳಿಕೊಡದಿದ್ದರೆ ಯಾವ ಊರಿನ ಕಣ್ಣಾದರೂ ಹೀಗೆಯೇ ಜಾರುತ್ತದೆ. ಇಡೀ ಮ್ಯೂಸಿಯಂ ಸುತ್ತಿಸುವುದನ್ನು ಬಿಟ್ಟು, ಬಲ್ಲವರೊಬ್ಬರ ಜೊತೆ ಒಂದು ಗಂಟೆ, ನಾಲ್ಕೇ ಚಿತ್ರಗಳನ್ನು ಕನ್ನಡದಲ್ಲಿ ಮಾತಾಡಿಸುತ್ತ ತೋರಿಸಬೇಕು ಎಂಬುದು ನನ್ನ ವಾದ.

ಇಂಪ್ರೆಷನಿಸ್ಟ್ ಚಿತ್ರಗಳು ಇದಕ್ಕೆ ಒಳ್ಳೆಯ ಸಾಕ್ಷಿ. 1874ರಲ್ಲಿ ಮೊನೆ, ರೆನ್ವಾ, ಪಿಸಾರೊ, ದೆಗಾ ಮೊದಲಾದವರು ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ಇಟ್ಟಾಗ ವಿಮರ್ಶಕ ಲೂಯಿ ಲೆರ್ವಾ ಅದನ್ನು ಅರೆಬರೆ ಕೆಲಸವೆಂದು ಗೇಲಿ ಮಾಡಿದ. ಆ ಗೇಲಿಯಿಂದಲೇ ಪಂಥಕ್ಕೆ ಹೆಸರು ಬಂತು. ಅಂದರೆ ಕಲೆಯ ಬಗ್ಗೆ ಬರೆಯುತ್ತಿದ್ದವನಿಗೂ ಈ ಚಿತ್ರಗಳನ್ನು ಹೇಗೆ ನೋಡಬೇಕೆಂದು ಹೊಳೆಯಲಿಲ್ಲ. ಇದೇ ಮೊನೆ 1890–91ರಲ್ಲಿ ಜಿವರ್ನಿಯ ತನ್ನ ಮನೆ ಪಕ್ಕದ ಹೊಲದ ಗೋಧಿ ಬಣವೆಗಳನ್ನು ಸುಮಾರು 25 ಸಲ ಬರೆದ. ಮುಂಜಾನೆಯ ಮಂಜಿನಲ್ಲಿ, ಇಳಿಬಿಸಿಲಿನಲ್ಲಿ, ಹಿಮ ಬಿದ್ದಾಗ ಅವೇ ಬಣವೆಗಳು ಬೇರೆ ಬೇರೆಯಾಗಿ ಕಂಡವು. ಅವುಗಳಲ್ಲೊಂದು ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿದೆ. ಹತ್ತಿರ ಹೋದರೆ ಬಣ್ಣದ ಗೀರುಗಳಷ್ಟೇ ಕಾಣುತ್ತವೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು ಕಾಣುತ್ತದೆ. ‘ನೆರಳಿನಲ್ಲಿ ಕಪ್ಪು ಎಲ್ಲಿದೆ, ಹುಡುಕಿ’ ಎಂದು ಮಾರ್ಗದರ್ಶಿ ಕೇಳಿದರೆ ಸಾಕು, ಹುಡುಕಿದವರಿಗೆ ಸಿಗುವುದು ನೀಲಿ ಮತ್ತು ನೇರಳೆ. ಜೋಳದ ಕಣಿಕೆಯ ಬಣವೆಯನ್ನು ದಿನವೂ ಕಾಣುವ ದೇವದುರ್ಗದ ಮಗುವಿಗಿಂತ ಈ ಚಿತ್ರಕ್ಕೆ ಹತ್ತಿರದ ನೋಡುಗರು ಸಿಗುವುದು ಕಷ್ಟ. ತೋರಿಸುವವರಿಲ್ಲದಿರುವುದೇ ಅಡ್ಡಿ.

ಇದಕ್ಕಾಗಿ ಪ್ಯಾರಿಸ್ಸಿಗೇ ಹೋಗಬೇಕಿಲ್ಲ. ದೊಡ್ಡಬಳ್ಳಾಪುರದವರಾದ ರುಮಾಲೆ ಚೆನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದವರು. ಬಯಲಿಗೇ ಹೋಗಿ ಕುಳಿತು ಬೆಂಗಳೂರಿನ ಹೂ ಬಿಟ್ಟ ಮರಗಳನ್ನು ಬಣ್ಣದ ಚುಕ್ಕೆ, ಗೀರುಗಳಲ್ಲಿ ಹಿಡಿದರು. ಅವರ ಚಿತ್ರಗಳು ರಾಜಾಜಿನಗರದ ರುಮಾಲೆ ಹೌಸ್‌ನಲ್ಲಿವೆ. ಇನ್ನೊಬ್ಬ ಚಿತ್ರಕಾರ ಕೆ. ವೆಂಕಟಪ್ಪನವರು ಇಂಪ್ರೆಷನಿಸ್ಟರಲ್ಲ, ಅವನೀಂದ್ರನಾಥ ಠಾಕೂರರ ಶಿಷ್ಯರು. ಆದರೂ ಅವರ ಊಟಿಯ ಜಲವರ್ಣಗಳಲ್ಲಿ ಮಂಜು, ಮೋಡ, ಬೆಳಕಿನದೇ ಆಟ. ಇಬ್ಬರನ್ನೂ ಒಂದೇ ದಿನ ಜೊತೆಯಿಟ್ಟು ತೋರಿಸಿದರೆ ಬೆಳಕನ್ನು ಬರೆಯುವ ಎರಡು ದಾರಿಗಳು ಮಕ್ಕಳಿಗೆ ತಾವಾಗಿಯೇ ಕಾಣುತ್ತವೆ.

ಮಾರ್ಗದರ್ಶಿ ತನ್ನ ಕಣ್ಣನ್ನೇ ಮಕ್ಕಳ ಮೇಲೆ ಹೇರುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಹುಟ್ಟಿದ ಇಸವಿ, ಸಿಕ್ಕ ಪ್ರಶಸ್ತಿ ಒಪ್ಪಿಸುವ ಮಾರ್ಗದರ್ಶಿಗಿಂತ ಮಾರ್ಗದರ್ಶಿ ಇಲ್ಲದಿರುವುದೇ ಮೇಲು. ನಾನು ಕೇಳುತ್ತಿರುವುದು ಎಲ್ಲಿ ನಿಲ್ಲಬೇಕೆಂದು ತೋರಿಸಿ, ಒಂದು ಪ್ರಶ್ನೆ ಕೇಳಿ, ಮಗು ಬಾಯಿ ಬಿಡುವವರೆಗೆ ಸುಮ್ಮನಿರುವವರನ್ನು. ನಾಲ್ಕೇ ಚಿತ್ರ ಸಾಲದು ಎಂಬ ಮಾತನ್ನಂತೂ ಒಪ್ಪಲಾರೆ, ನಾನೂರು ಚಿತ್ರಗಳ ಮುಂದೆ ನಡೆದುಹೋದ ಮಗು ಒಂದನ್ನೂ ನೋಡಿರುವುದಿಲ್ಲ. ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿರುವ ದೇವದುರ್ಗಕ್ಕೆ ಮೊದಲು ಶಿಕ್ಷಕರು, ಕೊಠಡಿ, ಕುಡಿಯುವ ನೀರು ಬೇಡವೇ? ಬೇಕು, ಅವೇ ಮೊದಲು. ಆದರೆ ಪ್ರವಾಸ ಹೇಗೂ ಹೊರಡುತ್ತದೆ, ಬಸ್ಸಿನ ಖರ್ಚು ಹೇಗೂ ಆಗುತ್ತದೆ. ಅದೇ ಖರ್ಚಿನಲ್ಲಿ ಒಂದು ಗಂಟೆಯನ್ನು ಸರಿಯಾಗಿ ಬಳಸುವುದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಹಿಂದುಳಿದ ತಾಲ್ಲೂಕಿನ ಮಗುವಿಗೆ ಅನ್ನ, ಅಕ್ಷರ ಸಾಕು, ಚಿತ್ರ ಬೇರೆಯವರಿಗೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಈ ಕೆಲಸವನ್ನು ಜಿಲ್ಲೆಯೊಳಗೇ ಆರಂಭಿಸಬಹುದು. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಸಾಗಿಸಿದ್ದು ಹೇಗೆ ಎಂಬುದನ್ನು ಅದೇ ಗೋಡೆಯ ಮೇಲೆ ಯಾರೋ ಗೆರೆಗಳಲ್ಲಿ ಕೊರೆದಿದ್ದಾರೆ: ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಹಿಂದಿನಿಂದ ಸನ್ನೆ ಕೊಟ್ಟು ಗಾಲಿ ನೂಕುವ ಆಳುಗಳು. ಬಲ್ಲವರು ಬೆರಳಿಟ್ಟು ತೋರಿಸದಿದ್ದರೆ ಅದು ಬರೀ ಕಲ್ಲಾಗಿಯೇ ಕಾಣುತ್ತದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಚಿತ್ರಗಳ ಕತೆಯೂ ಅಷ್ಟೇ. ಶಿಕ್ಷಣ ಇಲಾಖೆ ಮತ್ತು ಪುರಾತತ್ವ ಇಲಾಖೆ ಜೊತೆಗೂಡಿ ಜಿಲ್ಲೆಯ ಚಿತ್ರಕಲಾ ಶಿಕ್ಷಕರಲ್ಲಿ ಆಸಕ್ತರಾದ ಕೆಲವರಿಗೆ ತರಬೇತಿ ಕೊಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದರ ಸಣ್ಣ ವೆಚ್ಚ ಹೊರಲಿ. ಮುಂದಿನ ಪ್ರವಾಸದ ಪಟ್ಟಿ ಬರೆಯುವ ಮುಖ್ಯಶಿಕ್ಷಕರು ಅದರಿಂದ ಎರಡು ಜಾಗ ಹೊಡೆದುಹಾಕಿ, ಉಳಿದವುಗಳಲ್ಲಿ ಒಂದಕ್ಕೆ ಪೂರ್ತಿ ಒಂದು ಗಂಟೆ ಕೊಡಲಿ.