ಒಂದಡಿಗೆ ನಾಲ್ಕು ಮಿಲಿಮೀಟರ್
ಪುಟಾಣಿ ರೈಲು ಎಂದರೆ ಹಳಿ ಜೋಡಿಸಿ ಗುಂಡಿ ಒತ್ತುವುದಷ್ಟೇ ಎಂದುಕೊಂಡವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯಲ್ಲಿರುವ ಪೆಂಡನ್ ಮ್ಯೂಸಿಯಂ ನೋಡಬೇಕು. 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ (ಹೌದು, ಹೆಸರೇ ಹಾಗೆ!) ಅವರಿಗೆ ರೈಲಿನ ಹುಚ್ಚಿತ್ತು. ಆದರೆ ಸುತ್ತಲ ಹಳ್ಳಿಗಳ ಹುಲ್ಲುಮಾಡಿನ ಹಳೇ ಮನೆಗಳು ಒಂದೊಂದಾಗಿ ರೂಪ ಕೆಡುವುದನ್ನು ಕಂಡು, ಇವನ್ನೇ ಪುಟ್ಟದಾಗಿ ಕಟ್ಟಿ ಉಳಿಸಿಬಿಡೋಣ ಎಂದು ಹೊರಟರು. 1954ರಲ್ಲಿ ಮ್ಯೂಸಿಯಂ ಹುಟ್ಟಿತು. ಅಳತೆ 1:76, ಅಂದರೆ ಒಂದಡಿಗೆ 4 ಮಿಲಿಮೀಟರ್. ಆರಡಿ ಆಳು ಇಲ್ಲಿ ಒಂದಿಂಚೂ ಇಲ್ಲ. ಗೋಡೆಗೆ ರಟ್ಟು, ಅದರ ಮೇಲೆ ಇಟ್ಟಿಗೆಯ ಗೆರೆ ಕೊರೆದು, ಇಟ್ಟಿಗೆ ಇಟ್ಟಿಗೆಗೂ ತುಸು ಬೇರೆ ಬೇರೆ ಛಾಯೆಯ ಜಲವರ್ಣ ಬಳಿಯಬೇಕು. ಎಲ್ಲವೂ ಒಂದೇ ಕೆಂಪಾದರೆ ಮನೆ ಬೊಂಬೆಯಂಗಡಿಯದಂತೆ ಕಾಣುತ್ತದೆ. ಮನೆಯಲ್ಲೇ ಇಂಥದ್ದನ್ನು ಕಟ್ಟುವ ಹವ್ಯಾಸಿಗಳ ತಾಳ್ಮೆಯೇನೂ ಕಡಿಮೆಯಲ್ಲ. ಹಳಿಗಳ ನಡುವೆ ಸುರಿದ ಜಲ್ಲಿಪುಡಿ ಕದಲದಂತೆ, ನಮ್ಮ ಫೆವಿಕಾಲ್‌ನಂಥ ಬಿಳಿ ಅಂಟಿಗೆ ನೀರು ಬೆರೆಸಿ ಹನಿ ಹನಿಯಾಗಿ ಬಿಡುತ್ತಾರೆ. ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ದ್ರವ ಚೂರು ಸೇರಿಸದಿದ್ದರೆ ಅಂಟು ಒಳಗಿಳಿಯದೆ ಮೇಲೇ ಗುಂಡಗೆ ನಿಂತು ಜಲ್ಲಿಯನ್ನೆಲ್ಲ ಕದಡಿಬಿಡುತ್ತದೆ. ಜಾಗವಂತೂ ಎಂದಿಗೂ ಸಾಲದು: ಈ ಅಳತೆಯಲ್ಲಿ ನಿಜವಾದ ಒಂದು ಕಿಲೋಮೀಟರಿಗೆ 13 ಮೀಟರ್ ಉದ್ದದ ಮೇಜು ಬೇಕು. ಹಾಗಾಗಿ ಕಡಿದಾದ ತಿರುವುಗಳನ್ನು ಗುಡ್ಡ, ಸುರಂಗಗಳ ಮರೆಗೆ ತಳ್ಳುತ್ತಾರೆ. ಎಷ್ಟೋ ಪುಟಾಣಿ ರೈಲು ಮಾದರಿಗಳಲ್ಲಿ ಗುಡ್ಡ ಇರುವುದೇ ಅದಕ್ಕೆ. ಇಂಗ್ಲೆಂಡ್ ದೂರವಾಯಿತು ಎನ್ನುವವರಿಗೆ ಪುಣೆಯ ಕೊಥ್ರುಡ್‌ನಲ್ಲಿ ಜೋಶಿ ಅವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಮಕ್ಕಳ ನೆಪ ಮಾಡಿಕೊಂಡಾದರೂ ಒಮ್ಮೆ ಹೋಗಿಬನ್ನಿ.