ಒಂದು ಸಿಂಪರಣೆ, ಮೂರು ಹೊಣೆ: ಗುಣಮಟ್ಟ, ಪರಿಸರ ಮತ್ತು ಕಾರ್ಮಿಕ ಸುರಕ್ಷತೆಯ ಸಮಗ್ರ ನಿರ್ವಹಣೆ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೊಂದಾದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗತಿ ಸಂಹಿತೆಯು ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದೇ ವರ್ಷದ ಫೆಬ್ರುವರಿಯಲ್ಲಿ, 2020ರಲ್ಲಿ ಆರಂಭಗೊಂಡ ಕೇಂದ್ರ ಯೋಜನೆಯು 10,000 ರೈತ ಉತ್ಪಾದಕ ಸಂಸ್ಥೆಗಳ ಸ್ಥಾಪನೆಯ ಗುರಿಯನ್ನು ತಲುಪಿತು. ಈ ಎರಡು ಬೆಳವಣಿಗೆಗಳನ್ನು ಒಟ್ಟಿಗೆ ನೋಡುವುದು ಅಗತ್ಯ. ನಿನ್ನೆಯವರೆಗೆ ಕೇವಲ ಬೆಳೆಗಾರರಾಗಿದ್ದ ಅನೇಕರು ಇಂದು ತಮ್ಮ ಸಂಸ್ಥೆಯ ಮೂಲಕ ವಿಂಗಡಣೆ ಮತ್ತು ಪ್ಯಾಕಿಂಗ್ ಘಟಕ, ಶೀತಲಗೃಹ, ಒಣಗಿಸುವ ಶೆಡ್ಡುಗಳ ಒಡೆಯರಾಗಿದ್ದಾರೆ. ಅಲ್ಲಿ ದುಡಿಯುವವರಿಗೆ ಉದ್ಯೋಗದಾತರೂ ಆಗಿದ್ದಾರೆ.

ಇಂತಹ ಸಂಸ್ಥೆಯ ಬಾಗಿಲಿಗೆ ಮೂರು ಕಡೆಯಿಂದ ಪ್ರಶ್ನೆಗಳು ಬರುತ್ತವೆ. ಖರೀದಿದಾರರು ಕೀಟನಾಶಕದ ಶೇಷಾಂಶ ವರದಿಯನ್ನು ಕೇಳುತ್ತಾರೆ. ಮಾಲಿನ್ಯ ನಿಯಂತ್ರಣದ ಅಧಿಕಾರಿಗಳು ತೊಳೆದ ನೀರು ಎಲ್ಲಿಗೆ ಹರಿಯುತ್ತದೆಂದು ವಿಚಾರಿಸುತ್ತಾರೆ. ಕಾರ್ಮಿಕ ಇಲಾಖೆಯು ಕೆಲಸಗಾರರ ಸುರಕ್ಷತೆಯ ವಿವರ ಬಯಸುತ್ತದೆ. ಬಹುತೇಕ ಸಂಸ್ಥೆಗಳು ಇದಕ್ಕಾಗಿ ಮೂರು ಪ್ರತ್ಯೇಕ ಕಡತಗಳನ್ನು ತೆರೆಯುತ್ತವೆ ಮತ್ತು ಮೂವರು ಬೇರೆ ಬೇರೆ ವ್ಯಕ್ತಿಗಳು ಅವುಗಳನ್ನು ತುಂಬುತ್ತಾರೆ. ಆದರೆ ಹೊಲದಲ್ಲಿ ನಡೆಯುವ ಕೆಲಸ ಒಂದೇ. ಒಂದು ಸಿಂಪರಣೆಯು ಕಾಯಿಯಲ್ಲಿ ಶೇಷಾಂಶವನ್ನು ಬಿಡುತ್ತದೆ, ಹಳ್ಳದ ನೀರಿಗೂ ಜೇನುನೊಣಕ್ಕೂ ತಲುಪುತ್ತದೆ, ಸಿಂಪಡಿಸುವವನ ಚರ್ಮಕ್ಕೂ ಉಸಿರಿಗೂ ಸೇರುತ್ತದೆ. ಆದುದರಿಂದ ಇವುಗಳನ್ನು ಒಟ್ಟಾಗಿ ನಿರ್ವಹಿಸುವುದು ಏಕೆ ಅವಶ್ಯ ಮತ್ತು ಹಾಗೆ ಮಾಡುವಾಗ ಯಾವ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಜೊತೆಯಾಗಿ ಓದಬೇಕಾದ ಎರಡು ಘಟನೆಗಳು

ಮೊದಲನೆಯದು ದ್ರಾಕ್ಷಿಗೆ ಸಂಬಂಧಿಸಿದ್ದು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಸಸ್ಯ ಬೆಳವಣಿಗೆ ನಿಯಂತ್ರಕದ ಶೇಷಾಂಶವು ಅಲ್ಲಿನ ಮಿತಿಯನ್ನು ಮೀರಿರುವುದು ಪತ್ತೆಯಾಯಿತು. ಸರಕು ತಿರಸ್ಕೃತವಾಗಿ ರಫ್ತುದಾರರೂ ಬೆಳೆಗಾರರೂ ಭಾರಿ ನಷ್ಟ ಅನುಭವಿಸಿದರು. ಇದಕ್ಕೂ ಮುನ್ನವೇ ಅಪೆಡಾ ಸಂಸ್ಥೆಯು ತೋಟಗಳ ನೋಂದಣಿ, ಪ್ರಯೋಗಾಲಯ ಪರೀಕ್ಷೆ ಮತ್ತು ಸರಕಿನ ಮೂಲ ಪತ್ತೆಗಾಗಿ ಗ್ರೇಪ್‌ನೆಟ್ ಎಂಬ ವ್ಯವಸ್ಥೆಯನ್ನು ರೂಪಿಸಿತ್ತು. ಘಟನೆಯ ಬಳಿಕ ಶೇಷಾಂಶ ನಿಯಂತ್ರಣವು ಮತ್ತಷ್ಟು ಬಿಗಿಯಾಯಿತು. ಇಂದು ರಫ್ತಾಗುವ ದ್ರಾಕ್ಷಿಯ ಪೆಟ್ಟಿಗೆ ಯಾವ ತೋಟದಿಂದ ಬಂದಿತೆಂಬುದನ್ನು ಪತ್ತೆ ಹಚ್ಚಬಹುದಾಗಿದೆ.

ಎರಡನೆಯದು ಹತ್ತಿಯದು. 2017ರ ಮುಂಗಾರು ಹಂಗಾಮಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ರೈತರು ಮತ್ತು ಕೂಲಿಕಾರರು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಜನ ಮೃತಪಟ್ಟರು. ಎದೆಮಟ್ಟ ಮೀರಿ ಬೆಳೆದ ಗಿಡಗಳ ನಡುವೆ, ಸೆಕೆಯ ವಾತಾವರಣದಲ್ಲಿ, ರಕ್ಷಣಾ ಸಾಧನಗಳಿಲ್ಲದೆ, ಹಲವು ಔಷಧಿಗಳನ್ನು ಬೆರೆಸಿ ಸಿಂಪಡಿಸಿದ್ದು ಅನಾಹುತಕ್ಕೆ ಕಾರಣವಾಯಿತೆಂದು ಆಗ ವ್ಯಾಪಕವಾಗಿ ಚರ್ಚೆಯಾಯಿತು. ಸರ್ಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು.

ಎರಡೂ ಘಟನೆಗಳ ಮೂಲದಲ್ಲಿರುವುದು ರಾಸಾಯನಿಕದ ಆಯ್ಕೆ ಮತ್ತು ಬಳಕೆಯ ನಿರ್ಧಾರ. ವ್ಯತ್ಯಾಸವಿರುವುದು ಅವು ಬೆಳಕಿಗೆ ಬಂದ ರೀತಿಯಲ್ಲಿ. ದ್ರಾಕ್ಷಿಯ ದೋಷವನ್ನು ಪ್ರಯೋಗಾಲಯವು ಕಂಡುಹಿಡಿಯಿತು, ಏಕೆಂದರೆ ಹಣ ಕೊಡುವವರು ಅದನ್ನು ಹುಡುಕುತ್ತಿದ್ದರು. ಸಿಂಪಡಿಸಿದವನ ದೇಹಕ್ಕಾದ ಹಾನಿಯನ್ನು ಹುಡುಕುವವರು ಯಾರೂ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಗಳು ತುಂಬಿದ ಮೇಲೆಯೇ ಅದು ಸುದ್ದಿಯಾಯಿತು. ಮಾರುಕಟ್ಟೆಗೆ ಬಂದ ಹತ್ತಿಯ ಎಳೆಯನ್ನು ನೋಡಿ ಇದನ್ನು ತಿಳಿಯುವ ಸಾಧ್ಯತೆಯೇ ಇಲ್ಲ. ಗುಣಮಟ್ಟಕ್ಕೆ ಖರೀದಿದಾರನೆಂಬ ಕಾವಲುಗಾರನಿದ್ದಾನೆ. ಪರಿಸರಕ್ಕೆ ಒಂದಿಷ್ಟು ಕಾನೂನಿನ ಕಾವಲಿದೆ. ದಿನಗೂಲಿಯ ಆಳಿಗೆ ಅವನನ್ನು ಕರೆದ ಸಂಸ್ಥೆ ಅಥವಾ ರೈತನನ್ನು ಬಿಟ್ಟರೆ ಬೇರೆ ಕಾವಲಿಲ್ಲ.

ಜಾಗತಿಕ ಮಾನದಂಡಗಳು ಸಾಗುತ್ತಿರುವ ದಿಕ್ಕು

ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯು ಗುಣಮಟ್ಟ ನಿರ್ವಹಣೆಗೆ ಐಎಸ್‌ಒ 9001 ಅನ್ನು 1987ರಲ್ಲಿ, ಪರಿಸರ ನಿರ್ವಹಣೆಗೆ ಐಎಸ್‌ಒ 14001 ಅನ್ನು 1996ರಲ್ಲಿ, ಕಾರ್ಯಸ್ಥಳದ ಸುರಕ್ಷತೆ ಹಾಗೂ ಆರೋಗ್ಯಕ್ಕೆ ಐಎಸ್‌ಒ 45001 ಅನ್ನು 2018ರಲ್ಲಿ ಪ್ರಕಟಿಸಿತು. ಮೊದಲನೆಯದಕ್ಕೂ ಕೊನೆಯದಕ್ಕೂ 31 ವರ್ಷಗಳ ಅಂತರವಿದೆ. ಕಾರ್ಮಿಕ ಸುರಕ್ಷತೆಯು ಜಾಗತಿಕ ಮಟ್ಟದಲ್ಲಿಯೂ ಸಾಲಿನ ಕೊನೆಯಲ್ಲಿಯೇ ನಿಂತಿತ್ತೆಂಬುದನ್ನು ತಾವು ಗಮನಿಸಬಹುದು.

ಈಗ ಈ ಮೂರೂ ಮಾನದಂಡಗಳು ಹತ್ತು ಅಧ್ಯಾಯಗಳ ಒಂದೇ ಚೌಕಟ್ಟನ್ನು ಅನುಸರಿಸುತ್ತವೆ. ಸಂಸ್ಥೆಯ ಪರಿಸ್ಥಿತಿಯ ಅರಿವು, ನಾಯಕತ್ವ, ಯೋಜನೆ, ಸಂಪನ್ಮೂಲ ಮತ್ತು ತರಬೇತಿ, ಕಾರ್ಯಾಚರಣೆ, ಫಲಿತಾಂಶದ ಪರಿಶೀಲನೆ, ಸುಧಾರಣೆ ಎಂಬ ಕ್ರಮ ಮೂರರಲ್ಲಿಯೂ ಸಮಾನ. ಹೀಗಾಗಿ ಒಂದೇ ನೀತಿ, ಒಂದೇ ದಾಖಲೆ ಪದ್ಧತಿ ಮತ್ತು ಒಂದೇ ಆಂತರಿಕ ಪರಿಶೀಲನೆಯ ಮೂಲಕ ಮೂರನ್ನೂ ನಡೆಸಲು ಸಾಧ್ಯವಾಗಿದೆ. ಕೃಷಿಯಲ್ಲಿಯೂ ಇದೇ ಬೆಳವಣಿಗೆ ಕಂಡುಬರುತ್ತದೆ. ಯುರೋಪಿನ ಚಿಲ್ಲರೆ ಮಾರಾಟಗಾರರು 1997ರಲ್ಲಿ ಯೂರೆಪ್‌ಗ್ಯಾಪ್ ಹೆಸರಿನಲ್ಲಿ ಆರಂಭಿಸಿ, 2007ರಿಂದ ಗ್ಲೋಬಲ್ ಗ್ಯಾಪ್ ಎಂದು ಕರೆಯಲ್ಪಡುತ್ತಿರುವ ಉತ್ತಮ ಕೃಷಿ ಪದ್ಧತಿಯ ಪ್ರಮಾಣೀಕರಣವು ಆಹಾರ ಸುರಕ್ಷತೆ, ಪರಿಸರ ಮತ್ತು ಕೆಲಸಗಾರರ ಆರೋಗ್ಯವನ್ನು ಒಂದೇ ತಪಾಸಣಾ ಪಟ್ಟಿಯಲ್ಲಿ ಪರಿಶೀಲಿಸುತ್ತದೆ. ಸಣ್ಣ ಹಿಡುವಳಿದಾರರು ಗುಂಪಾಗಿ ಪ್ರಮಾಣಪತ್ರ ಪಡೆಯಲು ಅದರಲ್ಲಿ ಅವಕಾಶವಿದೆ.

ಪ್ರತ್ಯೇಕವಾಗಿ ನೋಡಿದಾಗ ಆಗುವ ಹಾನಿ

ಮೂರನ್ನೂ ಬೇರೆ ಬೇರೆಯಾಗಿ ನಿಭಾಯಿಸಿದರೆ ಕಾಗದದ ಹೊರೆ ಹೆಚ್ಚುವುದಷ್ಟೇ ತೊಂದರೆಯೆಂದು ಭಾವಿಸಬಾರದು. ಒಂದು ಕಡತದ ಪರಿಹಾರವು ಇನ್ನೊಂದು ಕಡತದ ಸಮಸ್ಯೆಯಾಗುವುದು ಅದಕ್ಕಿಂತ ಗಂಭೀರವಾದ ಸಂಗತಿ.

ವಿಜಯಪುರ ಭಾಗದ ಒಣದ್ರಾಕ್ಷಿ ಶೆಡ್ಡುಗಳನ್ನು ಉದಾಹರಣೆಯಾಗಿ ನೋಡೋಣ. ಒಣದ್ರಾಕ್ಷಿಗೆ ಹೊಳೆಯುವ ಬಂಗಾರದ ಬಣ್ಣ ಬಂದರೆ ದರ ಹೆಚ್ಚು. ಅದಕ್ಕಾಗಿ ಗಂಧಕದ ಹೊಗೆ ಕೊಡುವ ರೂಢಿಯಿದೆ. ಬಣ್ಣವೊಂದನ್ನೇ ಗುಣಮಟ್ಟವೆಂದು ಎಣಿಸಿದಾಗ ಗಂಧಕದ ಪ್ರಮಾಣವು ಅಂದಾಜಿನ ಮೇಲೆ ಏರುತ್ತದೆ. ಆಗ ಬಾಗಿಲು ತೆರೆದು ತಟ್ಟೆಗಳನ್ನು ಎತ್ತುವ ಕೆಲಸಗಾರರು ಗಂಧಕದ ಡೈಆಕ್ಸೈಡ್ ಅನಿಲವನ್ನು ಉಸಿರಾಡಬೇಕಾಗುತ್ತದೆ. ಕಣ್ಣುರಿ, ಗಂಟಲು ಕೆರೆತ, ಕೆಮ್ಮು ಸಾಮಾನ್ಯ; ಉಬ್ಬಸ ಇರುವವರಿಗೆ ಇದು ಅಪಾಯಕಾರಿ. ಅನಿಲವು ಸುತ್ತಲಿನ ಗಾಳಿಗೂ ಸೇರುತ್ತದೆ. ಕೊನೆಗೆ ಹಣ್ಣಿನಲ್ಲಿ ಉಳಿಯುವ ಗಂಧಕದ ಅಂಶವು ಆಹಾರ ನಿಯಮಗಳ ಮಿತಿಯನ್ನು ಮೀರಿದರೆ ಗುಣಮಟ್ಟವೂ ಕೈತಪ್ಪುತ್ತದೆ. ಇದಕ್ಕೆ ಪ್ರತಿಯಾಗಿ ಗಂಧಕವನ್ನು ತೂಕ ಮಾಡಿ ಬಳಸುವುದು, ಸೋರಿಕೆಯಿಲ್ಲದ ಕೋಣೆಯನ್ನು ಉಪಯೋಗಿಸುವುದು, ಗಾಳಿಯಾಡಲು ಸಾಕಷ್ಟು ಸಮಯ ಬಿಟ್ಟು ಆನಂತರವೇ ಒಳಗೆ ಹೋಗುವುದು ಎಂಬ ಮೂರು ಕ್ರಮಗಳು ಮೂರೂ ಹೊಣೆಗಳನ್ನು ಏಕಕಾಲಕ್ಕೆ ಪೂರೈಸುತ್ತವೆ.

ಕೀಟನಾಶಕದ ಆಯ್ಕೆಯಲ್ಲಿಯೂ ಹೀಗೆಯೇ. ಸ್ಪೈನೋಸಾಡ್‌ನಂತಹ ಔಷಧಿಯು ಮನುಷ್ಯರಿಗೆ ಕಡಿಮೆ ವಿಷಕಾರಿ. ಆದರೆ ಸಿಂಪಡಿಸಿದ ದ್ರಾವಣ ಒಣಗುವ ಮುನ್ನ ಜೇನುನೊಣ ತಾಗಿದರೆ ಅದು ಸಾಯುತ್ತದೆ. ಹೂವಿನ ಹಂತದಲ್ಲಿ ಬೆಳಗಿನ ಹೊತ್ತು ಅದನ್ನು ಬಳಸಿದರೆ ಪರಾಗಸ್ಪರ್ಶ ಕುಂಠಿತವಾಗಿ ಇಳುವರಿಯೇ ಕುಸಿಯಬಹುದು. ಜೇನು ಗೂಡಿಗೆ ಮರಳುವ ಸಂಜೆಯ ವೇಳೆಗೆ ಸಿಂಪರಣೆಯನ್ನು ಬದಲಿಸಿದರೆ ಈ ವಿರೋಧ ಬಗೆಹರಿಯುತ್ತದೆ. ಅಂದರೆ ಔಷಧಿಯ ಹೆಸರಷ್ಟೇ ಸಾಲದು. ವೇಳೆ, ಹಂತ ಮತ್ತು ವ್ಯಕ್ತಿಯನ್ನೂ ಒಳಗೊಂಡ ನಿರ್ಧಾರ ಬೇಕು.

ರಕ್ಷಣಾ ಉಡುಪು ಕೊನೆಯ ಉಪಾಯ

ಸುರಕ್ಷತೆ ಎಂದೊಡನೆ ಕೈಗವಸು ಮತ್ತು ಮುಖಗವಸು ನೆನಪಾಗುತ್ತವೆ. ಬಿಸಿಲಿನಲ್ಲಿ ಅವುಗಳನ್ನು ಯಾರೂ ಧರಿಸುವುದಿಲ್ಲವೆಂಬ ದೂರೂ ಕೇಳಿಬರುತ್ತದೆ. ಆ ದೂರಿನಲ್ಲಿ ಸತ್ಯಾಂಶವಿದೆ. ಐಎಸ್‌ಒ 45001 ಮಾನದಂಡವು ನಿಯಂತ್ರಣ ಕ್ರಮಗಳಿಗೆ ಒಂದು ಶ್ರೇಣಿಯನ್ನು ನೀಡಿದೆ: ಮೊದಲು ಅಪಾಯವನ್ನೇ ನಿವಾರಿಸಬೇಕು, ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬಳಸಬೇಕು, ಬಳಿಕ ಯಂತ್ರೋಪಕರಣದ ಸುಧಾರಣೆ, ಅನಂತರ ಕೆಲಸದ ವೇಳೆ ಹಾಗೂ ತರಬೇತಿ, ಇವೆಲ್ಲವುಗಳ ನಂತರ ರಕ್ಷಣಾ ಉಡುಪು.

ಈ ಶ್ರೇಣಿಯನ್ನು ಕೃಷಿಗೆ ಅನ್ವಯಿಸಿದರೆ ಮೊದಲ ಎರಡು ಮೆಟ್ಟಿಲುಗಳಲ್ಲಿ ನಮಗೆ ಸಿಗುವುದು ಈಗಾಗಲೇ ಪರಿಚಿತವಾದ ಸಮಗ್ರ ಪೀಡೆ ನಿರ್ವಹಣೆಯೇ ಆಗಿದೆ. ಆರ್ಥಿಕ ನಷ್ಟದ ಮಟ್ಟ ತಲುಪದೆ ಸಿಂಪಡಿಸದಿರುವುದು, ಮೋಹಕ ಬಲೆ, ಅಂಟು ಬಲೆ, ಜೈವಿಕ ನಿಯಂತ್ರಣ ಇವೆಲ್ಲವನ್ನು ಇದುವರೆಗೆ ಖರ್ಚು ಮತ್ತು ಪರಿಸರದ ದೃಷ್ಟಿಯಿಂದ ಬೋಧಿಸಲಾಗಿದೆ. ಇವು ಸಿಂಪಡಿಸುವವನ ಪ್ರಾಣರಕ್ಷಣೆಯ ಮೊದಲ ಕ್ರಮಗಳೂ ಹೌದು. ಬಿಟ್ಟ ಒಂದು ಸಿಂಪರಣೆಯಿಂದ ಶೇಷಾಂಶ, ಮಾಲಿನ್ಯ, ವಿಷಬಾಧೆ ಮೂರೂ ತಪ್ಪುತ್ತವೆ. ಸಿಂಪಡಿಸಲೇಬೇಕಾದಾಗ ಉಡುಪು ಅನಿವಾರ್ಯ. ಆದುದರಿಂದ ಅದನ್ನು ಧರಿಸಲು ಸಾಧ್ಯವಾಗುವ ತಂಪು ವೇಳೆಯಲ್ಲಿಯೇ ಕೆಲಸವನ್ನು ಇಟ್ಟುಕೊಳ್ಳಬೇಕು.

ಸಂಸ್ಥೆಗಳು ಕೈಗೊಳ್ಳಬೇಕಾದ ಕ್ರಮಗಳು

1. ಒಂದೇ ಸಿಂಪರಣಾ ವಹಿ: ದಿನಾಂಕ, ತಾಕು, ಪೀಡೆ, ಔಷಧಿಯ ಹೆಸರು ಮತ್ತು ಪ್ರಮಾಣ, ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳು, ಗಾಳಿಯ ಸ್ಥಿತಿ, ಸಿಂಪಡಿಸಿದವರ ಹೆಸರು, ಧರಿಸಿದ ಉಡುಪು, ಮರುಪ್ರವೇಶದ ವೇಳೆ, ಖಾಲಿ ಡಬ್ಬಿಯ ವಿಲೇವಾರಿ ಇವೆಲ್ಲವೂ ಒಂದೇ ಸಾಲಿನಲ್ಲಿರಲಿ. ಖರೀದಿದಾರರಿಗೂ ಅಧಿಕಾರಿಗಳಿಗೂ ಇದೇ ವಹಿಯನ್ನು ತೋರಿಸಬಹುದು.

2. ಖರೀದಿಗೆ ಮುನ್ನ ಮೂರು ಪ್ರಶ್ನೆಗಳು: ಈ ಔಷಧಿಯು ಈ ಬೆಳೆಗೆ ಶಿಫಾರಸಾಗಿದೆಯೇ ಮತ್ತು ಮಾರುಕಟ್ಟೆಯ ಶೇಷಾಂಶ ಮಿತಿಗೆ ಒಳಪಡುತ್ತದೆಯೇ? ನೀರು, ಮೀನು, ಜೇನಿಗೆ ಇದರ ಪರಿಣಾಮವೇನು? ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಯಾವುದು? ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ.

3. ಖಾಲಿ ಡಬ್ಬಿ: ಮೂರು ಬಾರಿ ತೊಳೆದು, ತೊಳೆದ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತು ಮಾಡಿ ಸಂಸ್ಥೆಯ ಬೀಗದ ಕೋಣೆಯಲ್ಲಿ ಸಂಗ್ರಹಿಸಿ. ಮನೆಬಳಕೆಗೆ ಒಯ್ಯಲು ಬಿಡಬಾರದು.

4. ಕೆಲಸ ನಿಲ್ಲಿಸುವ ಅಧಿಕಾರ: ಗಾಳಿ ಬೀಸಿದಾಗ, ಸಿಂಪಡಕ ಸೋರಿದಾಗ, ಆಳಿಗೆ ತಲೆಸುತ್ತು ಬಂದಾಗ ಕೆಲಸ ನಿಲ್ಲಿಸಲು ಒಬ್ಬ ಮೇಲ್ವಿಚಾರಕರಿಗೆ ಲಿಖಿತ ಅಧಿಕಾರ ನೀಡಿ. ಅಂತಹ ದಿನ ಕೂಲಿ ಕಡಿತ ಮಾಡಬಾರದು. ಕೂಲಿ ಹೋಗುತ್ತದೆಂಬ ಭಯವಿದ್ದರೆ ಯಾರೂ ಅಸ್ವಸ್ಥತೆಯನ್ನು ಹೇಳಿಕೊಳ್ಳುವುದಿಲ್ಲ.

5. ತುರ್ತು ಸಂದರ್ಭ: ವಿಷಬಾಧೆಯ ಲಕ್ಷಣ ಕಂಡೊಡನೆ ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧಿಯ ಲೇಬಲ್ಲು ಅಥವಾ ಕರಪತ್ರದೊಂದಿಗೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರಿಗೆ ಔಷಧಿಯ ಹೆಸರು ತಿಳಿದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

6. ಹಂಗಾಮಿಗೊಮ್ಮೆ ಜಂಟಿ ಪರಿಶೀಲನೆ: ಹಂಗಾಮು ಆರಂಭವಾಗುವ ಮುನ್ನ ವಹಿ, ಗೋದಾಮು, ನೀರಿನ ಹರಿವು, ಉಪಕರಣಗಳನ್ನು ಒಂದೇ ದಿನ ಒಟ್ಟಿಗೆ ಪರಿಶೀಲಿಸಿ. ಕೆಲಸಗಾರರ ಪ್ರತಿನಿಧಿಯೊಬ್ಬರು, ಸಾಧ್ಯವಾದರೆ ಮಹಿಳೆಯೊಬ್ಬರು, ತಂಡದಲ್ಲಿರಲಿ.

ಒಗ್ಗೂಡಿಸುವಾಗ ಇರಬೇಕಾದ ಎಚ್ಚರ

ಸಮಗ್ರ ವ್ಯವಸ್ಥೆಗೂ ಒಂದು ದೌರ್ಬಲ್ಯವಿದೆ. ಮೂರು ಕಡತಗಳನ್ನು ಒಂದಾಗಿಸಿದಾಗ, ಯಾವುದಕ್ಕೆ ಹೊರಗಿನ ಒತ್ತಡ ಹೆಚ್ಚೋ ಅದು ಉಳಿದವುಗಳನ್ನು ನುಂಗಿಹಾಕಬಹುದು. ಗುಣಮಟ್ಟದ ಅಂಕಣಗಳು ನಿಖರವಾಗಿ ತುಂಬಿ, ಸುರಕ್ಷತೆಯ ಅಂಕಣದಲ್ಲಿ ಪ್ರತಿದಿನ ‘ಸರಿಯಿದೆ’ ಎಂಬ ಒಂದೇ ಪದ ಉಳಿಯುವ ಅಪಾಯವಿದೆ. ಆದುದರಿಂದ ಸುರಕ್ಷತೆಯ ಅಂಕಣಕ್ಕೆ ಸಿಂಪಡಿಸಿದವರೇ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಪದ್ಧತಿ ಸೂಕ್ತ. ತಲೆಸುತ್ತು, ವಾಂತಿ, ಚರ್ಮದ ಉರಿಯಂತಹ ಸಣ್ಣ ಪ್ರಕರಣಗಳೂ ದಾಖಲಾಗಲಿ. ಇಡೀ ಹಂಗಾಮಿನಲ್ಲಿ ಒಂದು ದೂರೂ ಇಲ್ಲದ ವಹಿಯು ಸುರಕ್ಷತೆಗಿಂತ ಹೆಚ್ಚಾಗಿ ಮೌನವನ್ನು ಸೂಚಿಸುತ್ತಿರಬಹುದು.

ಪ್ರಮಾಣಪತ್ರವೇ ಗುರಿಯಾಗುವುದೂ ಹಿತಕರವಲ್ಲ. ಕುಟುಂಬದ ದುಡಿಮೆಯಿಂದಲೇ ಎರಡು ಎಕರೆ ಸಾಗುವಳಿ ಮಾಡುವವರಿಗೆ ಐಎಸ್‌ಒ ಪ್ರಮಾಣಪತ್ರದ ಅಗತ್ಯವಿಲ್ಲ; ಮೇಲಿನ ವಹಿ ಮತ್ತು ಮೂರು ಪ್ರಶ್ನೆಗಳು ಸಾಕು. ರಫ್ತಿನ ಉದ್ದೇಶವಿರುವ ಸಂಸ್ಥೆಗಳು ಗುಂಪು ಪ್ರಮಾಣೀಕರಣವನ್ನು ಪರಿಶೀಲಿಸಬಹುದು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳು ಹೊಸ ಸಂಹಿತೆಯಡಿ ಬರುವ ನೇಮಕಾತಿ ಪತ್ರ, ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಮೊದಲಾದ ಕರ್ತವ್ಯಗಳ ವಿವರವನ್ನು ಕಾರ್ಮಿಕ ಇಲಾಖೆಯಿಂದ ಪಡೆದುಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಔಷಧಿಯ ಶಿಫಾರಸು ನೀಡುವಾಗ ಪ್ರಮಾಣದ ಜೊತೆಗೆ ಕಾಯುವ ಅವಧಿ, ಸಿಂಪರಣೆಯ ವೇಳೆ, ಧರಿಸಬೇಕಾದ ಉಡುಪು ಮತ್ತು ಡಬ್ಬಿಯ ವಿಲೇವಾರಿಯನ್ನೂ ಅದೇ ಚೀಟಿಯಲ್ಲಿ ಬರೆದುಕೊಡುವುದು ಉತ್ತಮ ಆರಂಭವಾಗುತ್ತದೆ. ರೈತ ಬಾಂಧವರು ಮುಂದಿನ ಸಿಂಪರಣೆಗೆ ಮುನ್ನವೇ ಒಂದು ಸಾಮಾನ್ಯ ನೋಟ್‌ಪುಸ್ತಕದಲ್ಲಿ ಮೇಲೆ ತಿಳಿಸಿದ ಅಂಕಣಗಳನ್ನು ಗೆರೆ ಎಳೆದುಕೊಂಡು, ಸಿಂಪಡಿಸುವವರ ಹೆಸರಿನಿಂದ ಅದನ್ನು ತುಂಬಲು ಆರಂಭಿಸಬೇಕೆಂದು ಕೋರಲಾಗಿದೆ.